ನಮ್ಮ ಅನ್ನ, ಅವುಗಳ ಒಡಲು

ಸಾಕುಪ್ರಾಣಿಗಳ ಆಹಾರದ ವಿಷಯದಲ್ಲಿ ನಮ್ಮ ಜನರಲ್ಲಿ ಬಹುಕಾಲದಿಂದ ರೂಢಮೂಲವಾಗಿರುವ ಒಂದು ಅಭಿಪ್ರಾಯವುಂಟು: ಮನುಷ್ಯನು ಉಂಡು ಆರೋಗ್ಯವಾಗಿರುವುದನ್ನು ಅವನ ಮನೆಯ ನಾಯಿಬೆಕ್ಕುಗಳೂ ಉಂಡು ಆರೋಗ್ಯವಾಗಿರಬಲ್ಲವು, ಆದುದರಿಂದ ನಮ್ಮ ಎಲೆಗೆ ಬಡಿಸಿದ್ದರಲ್ಲಿ ಒಂದು ಪಾಲನ್ನು ಅವುಗಳ ಮುಂದಿಟ್ಟರೆ ಪೋಷಣೆಯ ಕರ್ತವ್ಯ ಮುಗಿಯಿತು ಎಂಬುದು. ಹೀಗೆ ನಂಬುವವರು ಅವಿವೇಕಿಗಳಲ್ಲ. ಅವರ ಪಕ್ಷಕ್ಕೆ ಆಧಾರಗಳಿವೆ, ಅವುಗಳನ್ನು ಅವರು ಹೇಳುವಷ್ಟೇ ಬಲವಾಗಿ ಇಲ್ಲಿ ಹೇಳುವುದು ನ್ಯಾಯ. ಹಳ್ಳಿಯ ಮನೆಗಳಲ್ಲಿ ತಲೆಮಾರುಗಳಿಂದ ನಾಯಿಯು ಮುದ್ದೆಯ ತುಣುಕನ್ನೂ ಮಜ್ಜಿಗೆಯನ್ನವನ್ನೂ, ಬೆಕ್ಕು ಹಾಲನ್ನವನ್ನೂ ತಿಂದು ಬದುಕಿವೆ, ಮರಿಹಾಕಿವೆ, ಮುಪ್ಪನ್ನು ಕಂಡಿವೆ. ಇದು ಅನುಭವದ ಪ್ರಮಾಣ. ತೊಳೆದು ಬೇಯಿಸಿ ಶುಚಿಯಾಗಿ ಮಾಡಿದ ಅಡುಗೆಯು ತಿಪ್ಪೆಯಲ್ಲಿ ಕೆದಕಿ ತಿನ್ನುವ ಹಳಸಲಿಗಿಂತ ಮೇಲೆಂಬುದು ಸ್ವತಃಸಿದ್ಧ. ಇದು ಯುಕ್ತಿಯ ಪ್ರಮಾಣ. ಒಂದೇ ಸೂರಿನ ಕೆಳಗೆ ಬಾಳುವ ಜೀವಕ್ಕೆ ಪಂಕ್ತಿಭೇದ ಮಾಡುವುದು ಪ್ರೀತಿಗೆ ಒಪ್ಪುವ ಮಾತಲ್ಲ. ಇದು ಹೃದಯದ ಪ್ರಮಾಣ. ಇವುಗಳ ಜೊತೆಗೆ, ನಾಯಿಗೆ ಅದು ವಿಷ, ಬೆಕ್ಕಿಗೆ ಇದು ವಿಷ ಎಂಬ ಭೀತಿಯನ್ನು ಹಬ್ಬಿಸಿದರೆ ಲಾಭವಾಗುವುದು ಚೀಲದಲ್ಲಿ ತುಂಬಿದ ಆಹಾರವನ್ನು ಮಾರುವವರಿಗೇ ಎಂಬ ಸಂಶಯವೂ ಸೇರಿಕೊಂಡು, ಈ ಅಭಿಪ್ರಾಯಕ್ಕೆ ಸಾಮಾನ್ಯಜ್ಞಾನದ ಗೌರವವನ್ನು ತಂದುಕೊಟ್ಟಿವೆ.

ಆದರೆ ಮೇಲುನೋಟಕ್ಕೆ ಒಂದೇ ಮಾತಿನಂತೆ ಕಾಣುವ ಈ ಅಭಿಪ್ರಾಯದೊಳಗೆ ಪರಸ್ಪರ ಭಿನ್ನವಾದ ಮೂರು ಪ್ರತಿಪಾದನೆಗಳು ಅಡಗಿವೆ. ಒಂದನ್ನು ಸಾಧಿಸಿದ ಮಾತ್ರಕ್ಕೆ ಉಳಿದೆರಡೂ ಸಿದ್ಧವಾದುವೆಂದು ಭಾವಿಸುವುದರಿಂದಲೇ ಗೊಂದಲ ಹುಟ್ಟಿದೆ. ಅವು ಇವು:

1. ಮನುಷ್ಯನಿಗೆ ನಿರಪಾಯವಾದುದು ಪ್ರಾಣಿಗೂ ನಿರಪಾಯ.
2. ಮನುಷ್ಯನಿಗೆ ಸಾಕಾಗುವ ಆಹಾರ ಪ್ರಾಣಿಗೂ ಸಾಕು.
3. ಮನುಷ್ಯನಿಗೆ ಮದ್ದಾದುದು ಪ್ರಾಣಿಗೂ ಮದ್ದು.

ಒಂದು ವಸ್ತು ವಿಷವಲ್ಲದೆಯೂ ಪೋಷಣೆಗೆ ಸಾಲದಿರಬಹುದು. ಪೋಷಕವಾಗಿದ್ದೂ ಅಧಿಕವಾದಾಗ ಕೆಡುಕು ಮಾಡಬಹುದು. ಒಬ್ಬರ ಜ್ವರವನ್ನು ಇಳಿಸಿದ ಮಾತ್ರೆ ಇನ್ನೊಬ್ಬರ ಪ್ರಾಣವನ್ನೇ ತೆಗೆಯಬಹುದು. ಆದುದರಿಂದ ಮೂರನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸತಕ್ಕದ್ದು.

ಮೊದಲನೆಯದನ್ನು ತೆಗೆದುಕೊಳ್ಳೋಣ. ವಿಷತ್ವವು ವಸ್ತುವಿನಲ್ಲಿ ಮಾತ್ರ ನೆಲೆಸಿರುವ ಗುಣವೆಂದು ಭಾವಿಸಿದರೆ, ನಮ್ಮನ್ನು ಕೊಲ್ಲದ ಪದಾರ್ಥ ನಾಯಿಯನ್ನೇಕೆ ಕೊಂದೀತು ಎಂಬ ಪ್ರಶ್ನೆ ಸಹಜವೇ ಸರಿ. ವಾಸ್ತವದಲ್ಲಿ ಅದು ವಸ್ತು, ಪ್ರಮಾಣ, ದೇಹ ಈ ಮೂರರ ಸಂಬಂಧದಿಂದ ಹುಟ್ಟತಕ್ಕದ್ದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ದ್ರವ್ಯವನ್ನು ಮನುಷ್ಯನ ದೇಹವು ಬೇಗನೆ ವಿಸರ್ಜಿಸಿಬಿಡುತ್ತದೆ. ನಾಯಿಯ ರಕ್ತದಲ್ಲಾದರೋ ಅದರ ಅರ್ಧಭಾಗ ಇಳಿಯುವುದಕ್ಕೇ ಸುಮಾರು 17 ಗಂಟೆಗಳು ಬೇಕಾಗುವುದರಿಂದ, ನಮಗೆ ಹಿತವಾದ ಉತ್ತೇಜನವು ಅದಕ್ಕೆ ವಾಂತಿ, ಹೃದಯದ ಓಟ, ನಡುಕ, ಕೊನೆಗೆ ಸೆಳವು ಆಗಿ ಪರಿಣಮಿಸಬಹುದು. ಬಣ್ಣ ಕಪ್ಪಾದಷ್ಟೂ, ಅಂದರೆ ಕೋಕೋ ಅಧಿಕವಾದಷ್ಟೂ, ಅಪಾಯ ಅಧಿಕ. ಈರುಳ್ಳಿ ಬೆಳ್ಳುಳ್ಳಿಗಳಲ್ಲಿರುವ ಗಂಧಕಯುಕ್ತ ದ್ರವ್ಯಗಳು ನಾಯಿಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆಯನ್ನು ತರುತ್ತವೆ. ಬೇಯಿಸಿದರೂ ಒಣಗಿಸಿ ಪುಡಿ ಮಾಡಿದರೂ ಆ ಶಕ್ತಿ ನಾಶವಾಗದು. ಬೆಕ್ಕಿನ ದೇಹತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ಸುಮಾರು 5 ಗ್ರಾಮಿನಷ್ಟು ಈರುಳ್ಳಿಯೇ ರಕ್ತದಲ್ಲಿ ವಿಕಾರವನ್ನು ತೋರಿಸಲು ಸಾಕು. ನಾಯಿಗೆ 15ರಿಂದ 30 ಗ್ರಾಮು ಬೇಕಾಗಬಹುದು. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮು ಮೊದಲಾದವುಗಳಿಗೆ ಸಿಹಿಗಾಗಿ ಸೇರಿಸುವ ಜೈಲಿಟಾಲ್ ನಮ್ಮಲ್ಲಿ ಇನ್ಸುಲಿನನ್ನು ಬಹುಮಟ್ಟಿಗೆ ಕದಲಿಸುವುದಿಲ್ಲ. ಅದೇ ನಾಯಿಯಲ್ಲಿ ಇನ್ಸುಲಿನ್ ಒಮ್ಮೆಲೇ ಉಕ್ಕುವಂತೆ ಮಾಡಿ ಗಂಟೆಯೊಳಗೆ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು, ಯಕೃತ್ತನ್ನೂ ಕೆಡಿಸಬಲ್ಲದು. ದ್ರಾಕ್ಷಿ, ಒಣದ್ರಾಕ್ಷಿಗಳನ್ನು ತಿಂದ ಕೆಲವು ನಾಯಿಗಳ ಮೂತ್ರಪಿಂಡಗಳು ಹಠಾತ್ತಾಗಿ ಕೆಲಸ ನಿಲ್ಲಿಸಿದುದರ ಕಾರಣ ಬಹುಕಾಲ ಗೂಢವಾಗಿದ್ದಿತು; ಹುಣಸೆಹಣ್ಣನ್ನು ತಿಂದ ನಾಯಿಗಳಲ್ಲಿಯೂ ಅದೇ ವಿಧದ ಆಘಾತ ಕಂಡುಬಂದದ್ದರಿಂದ, ಈ ಎರಡಕ್ಕೂ ಸಮಾನವಾದ ಟಾರ್ಟಾರಿಕ್ ಆಮ್ಲದ ಮೇಲೆ ಈಚಿನ ವರ್ಷಗಳಲ್ಲಿ ಸಂಶಯ ನೆಲೆಗೊಂಡಿದೆ. ಹುಣಸೆಯ ಹುಳಿ, ಬೆಳ್ಳುಳ್ಳಿಯ ಒಗ್ಗರಣೆ, ಈರುಳ್ಳಿಯ ಹುರಿತ ಇವು ಮೂರೂ ಕೂಡಿದ ನಮ್ಮ ಸಾರುಹುಳಿಗಳ ವಿಷಯದಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಸಕ್ತಿಯುಂಟು.

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ: ನಮ್ಮ ಮನೆಯ ನಾಯಿಯು ಸಾರನ್ನ ತಿನ್ನುತ್ತಲೇ ಬಂದಿದೆ, ಅದಕ್ಕೆ ಏನೂ ಆಗಿಲ್ಲವಲ್ಲ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಸಾರು ಸೋಂಕಿದ ಒಂದು ತುತ್ತು ಅನ್ನದಿಂದ ದೊಡ್ಡ ನಾಯಿಯೊಂದು ಸಾಯುತ್ತದೆಂದು ಹೇಳುವುದು ಅತಿಶಯೋಕ್ತಿ, ಭಯೋತ್ಪಾದನೆಯು ವಿಚಾರವಲ್ಲ. ಆದರೆ ‘ಏನೂ ಆಗಿಲ್ಲ’ ಎಂಬುದು ‘ಏನೂ ಕಾಣಲಿಲ್ಲ’ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಲಾರದು. ಈರುಳ್ಳಿಯಿಂದಾದ ರಕ್ತಹಾನಿಯ ಲಕ್ಷಣಗಳು ತಿಂದ ಕೆಲವು ದಿನಗಳ ಮೇಲೆ ತೋರುವುದರಿಂದ, ಪ್ರಾಣಿ ಮಂಕಾಗಿ ಮೂಲೆ ಸೇರಿದಾಗ ಮನೆಯವರಿಗೆ ಆ ದಿನದ ಊಟ ನೆನಪಾಗುತ್ತದೆಯೇ ಹೊರತು ಕಳೆದ ವಾರದ ಹಬ್ಬದ ಪಲ್ಯ ನೆನಪಾಗುವುದಿಲ್ಲ. ಕಾರ್ಯಕಾರಣಗಳ ನಡುವಿನ ಕಾಲದ ಅಂತರವೇ ಕಾರಣವನ್ನು ಮರೆಸಿಬಿಡುತ್ತದೆ. ಇದಲ್ಲದೆ ದ್ರಾಕ್ಷಿಯಂತಹ ಪದಾರ್ಥಗಳಲ್ಲಿ ಇಷ್ಟರವರೆಗೆ ಕ್ಷೇಮ, ಇಷ್ಟರ ಮೇಲೆ ಅಪಾಯ ಎಂಬ ಗೆರೆಯನ್ನು ಎಳೆಯುವುದಕ್ಕೆ ಬಾರದು. ಹಣ್ಣಿನಿಂದ ಹಣ್ಣಿಗೆ, ನಾಯಿಯಿಂದ ನಾಯಿಗೆ ಪರಿಣಾಮ ಭಿನ್ನ. ಪಾರಾದ ಒಂದು ನಾಯಿಯ ದೃಷ್ಟಾಂತವು ಆ ನಾಯಿ ಪಾರಾಯಿತೆಂಬುದಕ್ಕೆ ಮಾತ್ರ ಪ್ರಮಾಣ.

ಇನ್ನೊಂದು ಆಕ್ಷೇಪವು ಪ್ರಾಣಿಯ ಸಹಜಪ್ರವೃತ್ತಿಯನ್ನು ಆಶ್ರಯಿಸುತ್ತದೆ. ತನಗೆ ಸಲ್ಲದುದನ್ನು ಪ್ರಾಣಿಯು ಮೂಸಿ ನೋಡಿ ಬಿಟ್ಟುಬಿಡುತ್ತದೆ, ತಿಂದರೆ ಅದು ಸಲ್ಲುವುದೆಂದೇ ಅರ್ಥ ಎನ್ನುವವರುಂಟು. ಸಹಜಪ್ರವೃತ್ತಿಯು ರೂಪುಗೊಂಡದ್ದು ಆ ಜಾತಿಯ ಪೂರ್ವಜರು ಕಂಡ ಪರಿಸರದಲ್ಲಿ. ಚಾಕೊಲೇಟಾಗಲಿ ಜೈಲಿಟಾಲಾಗಲಿ ಅಲ್ಲಿರಲಿಲ್ಲವಾದುದರಿಂದ ಅವುಗಳ ವಿರುದ್ಧ ಮೂಗಿಗೆ ಯಾವ ಎಚ್ಚರಿಕೆಯೂ ಸಿಕ್ಕಿಲ್ಲ. ಮೇಲಾಗಿ, ಹಸಿವೆಂಬುದು ಹಿತಾಹಿತಗಳ ನ್ಯಾಯಾಧೀಶನಲ್ಲ. ಲ್ಯಾಬ್ರಡಾರ್ ಜಾತಿಯ ನಾಯಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿನವುಗಳಿಗೆ ಆಹಾರದ ಆಸೆಯನ್ನು ಕೆರಳಿಸುವ ಒಂದು ವಂಶವಾಹಿಯ ವ್ಯತ್ಯಾಸವಿರುವುದು 2016ರಲ್ಲಿ ಪ್ರಕಟವಾಯಿತು. ಅಂತಹ ನಾಯಿಯ ಯಾಚನೆಯ ನೋಟವನ್ನು ಅಗತ್ಯದ ಸೂಚನೆಯೆಂದು ತಿಳಿದು ಬಡಿಸುತ್ತ ಹೋದರೆ ಸ್ಥೂಲಕಾಯ, ಕೀಲುನೋವುಗಳು ಬಹುದೂರ ಇರುವುದಿಲ್ಲ. ಹಬ್ಬದ ಕರಿದ ತಿಂಡಿಯನ್ನೂ ಜಿಡ್ಡಿನ ಮಾಂಸವನ್ನೂ ನಾಯಿ ಸಂತೋಷದಿಂದಲೇ ತಿನ್ನುತ್ತದೆ. ಮೇದೋಜೀರಕಗ್ರಂಥಿಯ ಉರಿಯೂತದಿಂದ ಹೊಟ್ಟೆನೋವು ವಾಂತಿಗಳು ಕಾಣಿಸಿಕೊಳ್ಳುವುದು ಆ ಸಂತೋಷದ ತರುವಾಯ.

ಎರಡನೆಯ ಪ್ರತಿಪಾದನೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ಬೆಕ್ಕನ್ನು ಚಿಕ್ಕ ನಾಯಿಯೆಂದೂ, ನಾಯಿಯನ್ನು ನಾಲ್ಕು ಕಾಲಿನ ಮನುಷ್ಯನೆಂದೂ ಎಣಿಸುವುದರಿಂದ ಇಲ್ಲಿ ತಪ್ಪಾಗುತ್ತದೆ. ಬೆಕ್ಕು ಮಾಂಸದ ಮೇಲೆಯೇ ಅವಲಂಬಿತವಾಗಿ ಬೆಳೆದುಬಂದ ಜೀವ. ಮಾಂಸದಲ್ಲಿ ಸಿದ್ಧವಾಗಿ ದೊರೆಯುತ್ತಿದ್ದ ಹಲವು ದ್ರವ್ಯಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಗಜ್ಜರಿಯ ಬಣ್ಣದ ದ್ರವ್ಯವನ್ನು ನಮ್ಮ ದೇಹವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವಂತೆ ಅದು ಮಾರ್ಪಡಿಸಿಕೊಳ್ಳಲಾರದು. ಟಾರಿನ್ ಎಂಬ ದ್ರವ್ಯ ದೀರ್ಘಕಾಲ ದೊರೆಯದಿದ್ದರೆ ಅದರ ಕಣ್ಣಿನ ಅಕ್ಷಿಪಟಲ ಕ್ಷಯಿಸಿ ಅಂಧತ್ವ ಬರಬಹುದು; ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ರೋಗಕ್ಕೂ ಈ ಕೊರತೆಗೂ ಇರುವ ಸಂಬಂಧವು 1987ರಲ್ಲಿ ಸ್ಥಾಪಿತವಾಯಿತು. ಆ ರೋಗಕ್ಕೆ ತುತ್ತಾದ ಬೆಕ್ಕುಗಳಲ್ಲಿ ಅನೇಕವು ಅಂಗಡಿಯಿಂದ ತಂದ ಸಿದ್ಧಾಹಾರವನ್ನೇ ತಿನ್ನುತ್ತಿದ್ದುವು ಎಂಬ ಸಂಗತಿಯನ್ನು ಇಲ್ಲಿ ಮುಚ್ಚಿಡಬಾರದು. ಕೊರತೆ ತಿಳಿದ ಮೇಲೆ ತಯಾರಕರು ಟಾರಿನಿನ ಪ್ರಮಾಣವನ್ನು ಹೆಚ್ಚಿಸಿದರು, ರೋಗವೂ ಅಪರೂಪವಾಯಿತು. ಇನ್ನು ನಮ್ಮ ಹಾಲನ್ನ: ಅಕ್ಕಿಯಲ್ಲಿ ಟಾರಿನ್ ಇಲ್ಲ, ಹಸುವಿನ ಹಾಲಿನಲ್ಲಿ ಅತ್ಯಲ್ಪ, ಅಷ್ಟೇ ಅಲ್ಲದೆ ಮರಿತನ ಕಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕುಗ್ಗುವುದರಿಂದ, ಬೆಕ್ಕಿಗೆ ಹಾಲೇ ಪರಮಾಹಾರವೆಂಬ ಚಿತ್ರದಲ್ಲಿರುವುದು ಹಲವೊಮ್ಮೆ ಅತಿಸಾರದ ಹೇತು.

ನಾಯಿಯ ಸ್ಥಿತಿ ಬೇರೆ. ಮನುಷ್ಯನ ಸಹವಾಸದಲ್ಲಿ ಅದು ಪಿಷ್ಟವನ್ನು ಜೀರ್ಣಿಸುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆ. ಪಿಷ್ಟವನ್ನು ಜೀರ್ಣಿಸುವ ಕಿಣ್ವವನ್ನು ನಿರ್ಮಿಸುವ ವಂಶವಾಹಿಯ ಪ್ರತಿಗಳು ನಾಯಿಯಲ್ಲಿ ಬಹುಸಂಖ್ಯೆಯಲ್ಲಿರುವುದನ್ನು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆದುದರಿಂದ ಅನ್ನವಾಗಲಿ ರಾಗಿಯಾಗಲಿ ನಾಯಿಗೆ ನಿಷಿದ್ಧವೆನ್ನುವವರ ಮಾತು ನಿಲ್ಲುವುದಿಲ್ಲ, ಪೂರ್ವಪಕ್ಷದವರಿಗೆ ಇಷ್ಟನ್ನು ಬಿಟ್ಟುಕೊಡಲೇಬೇಕು. ಆದರೆ ಪಿಷ್ಟವನ್ನು ಜೀರ್ಣಿಸಬಲ್ಲದು ಎಂಬುದರಿಂದ ಪಿಷ್ಟದಿಂದಲೇ ಬದುಕಬಲ್ಲದು ಎಂಬ ಸಿದ್ಧಾಂತ ಹೊರಡುವುದಿಲ್ಲ. ಬೆಳೆಯುವ ಮರಿಗೆ ಬರಿಯ ಅನ್ನವನ್ನು ಕೊಟ್ಟರೆ ಸಸಾರಜನಕವೂ ಸುಣ್ಣದ ಅಂಶವೂ ಸಾಲವು. ಹಾಗೆಂದು ಎಲುಬಿಲ್ಲದ ಮಾಂಸವನ್ನೇ ಕೊಟ್ಟರೆ, ಅದರಲ್ಲಿ ರಂಜಕವು ಸುಣ್ಣದ ಅಂಶಕ್ಕಿಂತ ಹಲವು ಪಟ್ಟು ಅಧಿಕವಾದುದರಿಂದ ದೇಹವು ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿಕೊಂಡು ಕಾಲುಗಳು ಬಾಗುತ್ತವೆ, ಸಣ್ಣ ನೆಗೆತಕ್ಕೆ ಮುರಿಯುತ್ತವೆ. ಕಿತ್ತಳೆ ನೆಲ್ಲಿಗಳಿಂದ ನಾವು ಪಡೆಯಬೇಕಾದ ಸಿ ಜೀವಸತ್ವವನ್ನು ನಾಯಿಬೆಕ್ಕುಗಳು ತಮ್ಮ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಅಂದಮೇಲೆ ಇದು ಯಾರ ದೇಹ ಮೇಲು ಯಾರದು ಕೀಳು ಎಂಬ ತಾರತಮ್ಯವಲ್ಲ. ಒಂದೊಂದು ಜಾತಿಯ ದೇಹವೂ ತಾನು ಮಾಡಿಕೊಳ್ಳುವುದೇನು, ಹೊರಗಿನಿಂದ ಬೇಡುವುದೇನು ಎಂಬ ಲೆಕ್ಕವನ್ನು ಬೇರೆಯಾಗಿಯೇ ಬರೆದುಕೊಂಡಿದೆ.

ಹಾಗಾದರೆ ಅನುಭವದ ಪ್ರಮಾಣವು ಸುಳ್ಳಾಯಿತೇ? ಅಜ್ಜಿಯ ಮನೆಯ ಬೆಕ್ಕು ಹಾಲನ್ನದಿಂದ ಬದುಕಲಿಲ್ಲವೇ? ಈ ಪ್ರಶ್ನೆಗೆ ಉತ್ತರ ಹೇಳದೆ ಹೋದರೆ ವಾದವು ಪೂರ್ಣವಾಗದು. ಹಳ್ಳಿಯ ಬೆಕ್ಕು ಹಾಲನ್ನವನ್ನು ತಿಂದುದು ನಿಜ, ಆದರೆ ಹಾಲನ್ನ ಮಾತ್ರದಿಂದ ಅದು ಬದುಕಿರಲಿಲ್ಲ. ಅಟ್ಟದ ಮೇಲೆ, ಕಣಜದ ಬದಿಯಲ್ಲಿ, ಹಿತ್ತಿಲಿನ ಪೊದೆಯಲ್ಲಿ ಇಲಿಯನ್ನೂ ಓತಿಯನ್ನೂ ಹಿಡಿದು ತಿನ್ನುತ್ತಿದ್ದ ಅದಕ್ಕೆ ಟಾರಿನ್ ಮೊದಲಾದ ಸಕಲವೂ ಆ ಬೇಟೆಯಿಂದ ದೊರೆಯುತ್ತಿತ್ತು. ಹಾಲನ್ನವು ಮನೆಯ ಋಣವನ್ನು ನೆನಪಿಸುವ ಉಪಾಹಾರವಾಗಿತ್ತು. ನಾಯಿಯೂ ಹಾಗೆಯೇ: ಮುದ್ದೆಯ ತುಣುಕಿನ ಜೊತೆಗೆ ಹೊಲದ ಹೆಗ್ಗಣ, ಮಾಂಸ ಮಾಡಿದ ಮನೆಗಳ ಹಿಂಬದಿ, ಊರಿನ ಹತ್ತು ಬಾಗಿಲುಗಳು ಅದರ ಭೋಜನಶಾಲೆಯಾಗಿದ್ದುವು. ಅಂದಿನ ಪದ್ಧತಿ ಸಫಲವಾದುದು ಮನೆಯ ಅನ್ನದ ಪರಿಪೂರ್ಣತೆಯಿಂದಲ್ಲ, ಮನೆಯ ಬಾಗಿಲು ತೆರೆದಿದ್ದುದರಿಂದ. ಇಂದು ಬಹುಮಹಡಿ ವಸತಿಗೃಹದ ಐದನೆಯ ಅಂತಸ್ತಿನಲ್ಲಿ, ಕಿಟಕಿಗೆ ಜಾಲರಿ ಹಾಕಿ ಸಾಕಿದ ಬೆಕ್ಕಿಗೆ ಅದೇ ಹಾಲನ್ನವನ್ನು ಕೊಡುವವನು ಪದ್ಧತಿಯ ಅರ್ಧವನ್ನು ಮಾತ್ರ ಉಳಿಸಿಕೊಂಡು, ಅದನ್ನು ಸಾರ್ಥಕಗೊಳಿಸುತ್ತಿದ್ದ ಉಳಿದರ್ಧವನ್ನು ತೆಗೆದುಹಾಕಿದ್ದಾನೆ. ಬಾಗಿಲು ಮುಚ್ಚಿದ್ದು ತಪ್ಪೆಂದಲ್ಲ. ವಾಹನ, ರೇಬೀಸ್, ಬೀದಿಯ ಕಾದಾಟಗಳಿಂದ ಅದು ಪ್ರಾಣಿಯನ್ನು ಕಾಯುತ್ತದೆ. ಆದರೆ ಬಾಗಿಲು ಮುಚ್ಚಿದ ಗಳಿಗೆಯಿಂದ, ಅದುವರೆಗೆ ಉಪಾಹಾರವಾಗಿದ್ದುದು ಸಂಪೂರ್ಣಾಹಾರದ ಭಾರವನ್ನು ಹೊರಬೇಕಾಗುತ್ತದೆ. ಆ ಭಾರವನ್ನು ಅದು ಹೊರಲಾರದು. ಇದಕ್ಕೆ ಇನ್ನೊಂದನ್ನೂ ಸೇರಿಸಬೇಕು: ಮುಪ್ಪನ್ನು ಕಂಡ ಒಂದು ನಾಯಿಯ ಹೆಸರು ಮನೆಯ ಸ್ಮೃತಿಯಲ್ಲಿ ಉಳಿಯುತ್ತದೆ, ಅದರ ಒಡಹುಟ್ಟಿದ ಮರಿಗಳು ಹೆಸರಿಡುವ ಮೊದಲೇ ಸತ್ತುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಮೂರನೆಯ ಪ್ರತಿಪಾದನೆ, ಅಂದರೆ ನಮ್ಮ ಮದ್ದೇ ಅವುಗಳ ಮದ್ದು ಎಂಬುದು, ಎಲ್ಲಕ್ಕಿಂತ ಬೇಗ ಪ್ರಾಣಾಂತಿಕವಾಗತಕ್ಕದ್ದು. ಇದರ ಬೇರು ಒಂದು ಸರಳವಾದ ಇಂದ್ರಿಯಭ್ರಮೆಯಲ್ಲಿದೆ. ಮನುಷ್ಯನ ದೇಹದ ಸಹಜೋಷ್ಣತೆ 98.6 ಡಿಗ್ರಿ ಫ್ಯಾರನ್‌ಹೀಟಾದರೆ, ನಾಯಿಬೆಕ್ಕುಗಳದು ಸುಮಾರು 101ರಿಂದ 102.5 ಡಿಗ್ರಿ, ಆರೋಗ್ಯವಾದ ನಾಯಿಯೂ ನಮ್ಮ ಅಂಗೈಗೆ ಜ್ವರದ ನಾಯಿಯೇ. ಕೈಯನ್ನು ನಂಬಿದವನು ಪ್ಯಾರಾಸಿಟಮಾಲ್ ಮಾತ್ರೆಯನ್ನು ಅರೆದು ಹಾಲಿನಲ್ಲಿ ಕೊಟ್ಟರೆ, ಆ ದ್ರವ್ಯವನ್ನು ನಿರ್ವಿಷಗೊಳಿಸುವ ಕ್ರಿಯೆ ಬೆಕ್ಕಿನ ಯಕೃತ್ತಿನಲ್ಲಿ ಅತ್ಯಂತ ದುರ್ಬಲವಾದುದರಿಂದ, ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಒಸಡುಗಳು ಕಂದಿಹೋಗುತ್ತವೆ; ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಉಣ್ಣೆಗಳು ಉದುರಲೆಂದು ನಾಯಿಗೆ ಬೆಳ್ಳುಳ್ಳಿ ತಿನ್ನಿಸುವ ರೂಢಿಯುಂಟು. ಉಣ್ಣೆಯಿಂದ ಹರಡುವ ಬೆಬೇಸಿಯದಂತಹ ರೋಗಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತಿರುವಾಗ, ಅದೇ ಕಣಗಳನ್ನು ಒಡೆಯುವ ಇನ್ನೊಂದು ದ್ರವ್ಯವನ್ನು ಔಷಧವೆಂದು ಸೇರಿಸುವುದು ರೋಗಕ್ಕೆ ನೆರವು ನೀಡಿದಂತೆ. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ ಸೆಳವುಗಳು ಬಂದು ಸಾಯಬಹುದು. ಇಲ್ಲಿ ಎರಡು ಪ್ರಾಣಿಗಳ ನಡುವೆಯೇ ಸಾಮ್ಯವು ಮುರಿದುಬೀಳುತ್ತದೆ. ಲಂಘನಂ ಪರಮೌಷಧಂ ಎಂಬ ಮಾತನ್ನು ನಂಬಿ ಕಾಯಿಲೆಬಿದ್ದ ಬೆಕ್ಕನ್ನು, ಅದರಲ್ಲಿಯೂ ಕೊಬ್ಬಿದ ಬೆಕ್ಕನ್ನು, ಹಲವು ದಿನ ಉಪವಾಸ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಹೊಸ ರೋಗವಾಗುತ್ತದೆ. ಲಕ್ಷಣಗಳನ್ನು ನಮ್ಮ ದೇಹದ ಅಳತೆಯಿಂದ ಓದುವುದರಲ್ಲಿಯೂ ಇದೇ ಕೇಡು: ಮರಿಯ ವಾಂತಿ, ರಕ್ತಮಿಶ್ರಿತ ಭೇದಿಗಳನ್ನು ಅಜೀರ್ಣವೆಂದು ತಿಳಿದು ಮಜ್ಜಿಗೆಯಲ್ಲಿ ದಿನ ಕಳೆಯುವಷ್ಟರಲ್ಲಿ ಪಾರ್ವೋ ರೋಗವು ಅದನ್ನು ಒಯ್ದಿರುತ್ತದೆ, ಗಂಡು ಬೆಕ್ಕು ಮೂತ್ರ ಕಟ್ಟಿ ತಿಣುಕುವುದನ್ನು ಮಲಬದ್ಧತೆಯೆಂದು ಬಗೆದು ಹರಳೆಣ್ಣೆ ಕುಡಿಸುವಷ್ಟರಲ್ಲಿ ಚಿಕಿತ್ಸೆಯ ಕಾಲ ಮೀರಿರುತ್ತದೆ. ಪರಂಪರೆಯ ಹೆಸರಿನಲ್ಲಿ ಇವನ್ನೆಲ್ಲ ಸಮರ್ಥಿಸುವವರು ಪರಂಪರೆಯನ್ನೇ ಸರಿಯಾಗಿ ನೋಡಿಲ್ಲ. ಕುದುರೆಗೆ, ಆನೆಗೆ ಈ ದೇಶದಲ್ಲಿ ಪ್ರತ್ಯೇಕ ವೈದ್ಯಶಾಸ್ತ್ರಗಳಿದ್ದುವು. ಕನ್ನಡದಲ್ಲಿಯೇ ಚಾಲುಕ್ಯವಂಶದ ಕೀರ್ತಿವರ್ಮನು 12ನೆಯ ಶತಮಾನದಷ್ಟು ಹಿಂದೆ ‘ಗೋವೈದ್ಯ’ವನ್ನು ರಚಿಸಿದನು. ಮನುಷ್ಯನ ವೈದ್ಯವೇ ದನಕ್ಕೂ ಸಾಕೆಂದು ಪೂರ್ವಿಕರು ತಿಳಿದಿದ್ದರೆ ಅಂತಹ ಗ್ರಂಥಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಈ ಪಕ್ಷವನ್ನು ನಿರಾಕರಿಸಿದವರು ಅದರ ವಿಪರೀತಕ್ಕೆ ಹಾರುವುದೂ ಉಂಟು. ನಾಯಿಯು ತೋಳದ ಸಂತತಿ, ಆದುದರಿಂದ ಹಸಿಮಾಂಸವೇ ಅದರ ಸಹಜಾಹಾರ ಎಂಬುದು ಒಂದು ವಿಪರೀತ. ಪೂರ್ವಜನ ಆಹಾರವೇ ಸಂತತಿಯ ಆಹಾರವೆನ್ನುವುದಾದರೆ, ಪಿಷ್ಟವನ್ನು ಜೀರ್ಣಿಸಲು ನಾಯಿಯಲ್ಲಿ ಆದ ಮಾರ್ಪಾಟಿಗೆ ಅರ್ಥವಿಲ್ಲ. ಹಸಿಮಾಂಸದ ಸಾಲ್ಮೊನೆಲ್ಲ ಮೊದಲಾದ ಸೂಕ್ಷ್ಮಜೀವಿಗಳು ನಾಯಿಯನ್ನು ಮಾತ್ರವಲ್ಲ, ಅದರ ತಟ್ಟೆ ತೊಳೆಯುವ ಕೈಯನ್ನೂ ಬಿಡುವುದಿಲ್ಲ. ಅಂಗಡಿಯ ಚೀಲವೇ ಸರ್ವಕ್ಷೇಮವೆಂಬುದು ಇನ್ನೊಂದು ವಿಪರೀತ. 2007ರಲ್ಲಿ ಅಮೆರಿಕದಲ್ಲಿ, ಸಸಾರಜನಕ ಅಧಿಕವಾಗಿ ತೋರಲೆಂದು ಮೆಲಮಿನ್ ಬೆರೆಸಿದ ಗೋಧಿಯ ಅಂಟು ಪ್ರಾಣಿಗಳ ಸಿದ್ಧಾಹಾರವನ್ನು ಸೇರಿ, ಮೂತ್ರಪಿಂಡ ಕೆಟ್ಟು ನಾಯಿಬೆಕ್ಕುಗಳು ಸತ್ತುವು. ಆದುದರಿಂದ ವ್ಯಾಪಾರಿಯ ಮೇಲಿನ ಸಂಶಯ ನಿರಾಧಾರವಲ್ಲ. ಆದರೆ ಮಾರುವವನಿಗೆ ಸ್ವಾರ್ಥವಿದೆ ಎಂಬ ಕಾರಣದಿಂದ ಈರುಳ್ಳಿಯು ನಿರಪಾಯವಾಗುವುದಿಲ್ಲ. ಮಾತಿನ ಸತ್ಯಾಸತ್ಯತೆಯನ್ನು ಆಡಿದವನ ಲಾಭದಿಂದ ಅಳೆಯುವುದು ತರ್ಕದ ಮಾರ್ಗವಲ್ಲ.

ಇನ್ನು ಹೃದಯದ ಪ್ರಮಾಣ ಉಳಿಯಿತು. ಸಸ್ಯಾಹಾರಿಗಳ ಮನೆಗಳಲ್ಲಿ ಇದು ಧರ್ಮಸಂಕಟದ ರೂಪವನ್ನು ತಾಳುತ್ತದೆ: ತಾವು ಮುಟ್ಟದ ಮಾಂಸವನ್ನು ಬೆಕ್ಕಿಗಾಗಿ ಮನೆಗೆ ತರುವುದು ಹೇಗೆ? ಈ ಸಂಕೋಚವನ್ನು ಹಾಸ್ಯ ಮಾಡುವುದು ಸಲ್ಲದು. ಹಾಲಿನ ಪದಾರ್ಥ, ಬೇಳೆಕಾಳು, ಸಾಧ್ಯವಾದರೆ ಮೊಟ್ಟೆ ಇವುಗಳನ್ನು ಪಶುವೈದ್ಯರ ಸಲಹೆಯಿಂದ ಹೊಂದಿಸಿ, ಕೊರತೆಯಾಗುವ ಅಂಶಗಳನ್ನು ಸೇರಿಸಿದರೆ ಪ್ರಾಯದ ನಾಯಿಯೊಂದು ಮಾಂಸವಿಲ್ಲದೆ ಬಾಳುವುದು ಅಸಾಧ್ಯವೇನಲ್ಲ. ಬೆಕ್ಕಿನ ಮಟ್ಟಿಗೆ ಮನೆಯ ಅಡುಗೆಯಿಂದ ಅದು ಆಗದ ಕೆಲಸ. ಅಹಿಂಸೆಯ ವ್ರತವು ತೊಟ್ಟವನ ಸ್ವಂತ ದೇಹದ ಮೇಲಿನ ಸಂಯಮ; ವ್ರತವೇನೆಂದು ಅರಿಯದ, ಆಯ್ಕೆಯ ಸ್ವಾತಂತ್ರ್ಯವೂ ಇಲ್ಲದ ಜೀವದ ಹೃದಯವು ಅದಕ್ಕಾಗಿ ಕ್ಷೀಣಿಸುವುದಾದರೆ ಅಲ್ಲಿ ಹಿಂಸೆ ಇಲ್ಲದಾಗಲಿಲ್ಲ, ಕಣ್ಣಿಗೆ ಕಾಣದ ಕಡೆಗೆ ಸರಿಯಿತು. ಈ ಭಾರವನ್ನು ಹೊರಲಾಗದವರು ಮೊಲವನ್ನು ಸಾಕಬಹುದು. ಅಲ್ಲಿಯೂ, ಅದರ ಹಲ್ಲು ಆಯುಷ್ಯವಿಡೀ ಬೆಳೆಯುವುದರಿಂದ ಗಜ್ಜರಿಯ ತುಂಡುಗಳಿಗಿಂತ ಹುಲ್ಲೇ ಅದಕ್ಕೆ ಪ್ರಧಾನಾಹಾರವೆಂಬುದನ್ನು ಅರಿತಿರಬೇಕು. ಪಂಕ್ತಿಭೇದದ ಆಕ್ಷೇಪಕ್ಕೂ ಇದರಲ್ಲಿಯೇ ಉತ್ತರವಿದೆ: ಎಳೆಗೂಸಿಗೂ ಮಧುಮೇಹಿಗೂ ಒಂದೇ ಪಂಕ್ತಿಯಲ್ಲಿ ಒಂದೇ ಹೋಳಿಗೆಯನ್ನು ಬಡಿಸುವ ತಾಯಿಯನ್ನು ನಾವು ಸಮದರ್ಶಿಯೆಂದು ಹೊಗಳುವುದಿಲ್ಲ.

ಇಷ್ಟು ವಿಚಾರದಿಂದ ವ್ಯವಹಾರಕ್ಕೆ ಒದಗುವ ನಿಯಮಗಳು ಕಷ್ಟದವೂ ಅಲ್ಲ, ಬಹಳ ದುಬಾರಿಯವೂ ಅಲ್ಲ:

1. ಮನೆಯಲ್ಲಿಯೇ ಬೇಯಿಸಿ ಹಾಕುವವರು ಉಪ್ಪು, ಹುಳಿ, ಖಾರ, ಒಗ್ಗರಣೆ ಬೀಳುವ ಮೊದಲೇ ನಾಯಿಯ ಪಾಲನ್ನು ಬೇರೆ ತೆಗೆದಿಡಲಿ. ಅನ್ನದ ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಎಲುಬು ತೆಗೆದ ಮಾಂಸವಿರಲಿ. ಬೆಂದ ಎಲುಬು ಚೂಪಾಗಿ ಸೀಳಿ ಕರುಳನ್ನು ಇರಿಯುವುದರಿಂದ ಅದು ಬೇಡ.
2. ಬೆಳೆಯುವ ಮರಿಗೂ ಎಲ್ಲ ವಯಸ್ಸಿನ ಬೆಕ್ಕಿಗೂ ಸಂಪೂರ್ಣಾಹಾರವೆಂದು ಸ್ಪಷ್ಟವಾಗಿ ನಮೂದಿಸಿದ ಸಿದ್ಧಾಹಾರವನ್ನು, ಇಲ್ಲವೇ ಪಶುವೈದ್ಯರು ಲೆಕ್ಕಹಾಕಿಕೊಟ್ಟ ಆಹಾರವನ್ನು ಆಧಾರವಾಗಿಟ್ಟುಕೊಳ್ಳಲಿ. ಬಿಸ್ಕತ್ತು ಮೊದಲಾದುವು ತಿಂಡಿಗಳು, ಊಟವಲ್ಲ.
3. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಹುಣಸೆ, ಚಾಕೊಲೇಟು, ಜೈಲಿಟಾಲ್ ಇರುವ ತಿನಿಸು ಮತ್ತು ಮನುಷ್ಯರ ಮಾತ್ರೆಗಳು ಅವುಗಳಿಗೆ ಎಟುಕದಿರಲಿ. ತಿಂದುದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ, ಏನು, ಎಷ್ಟು, ಯಾವಾಗ ಎಂಬುದನ್ನೂ ಪ್ರಾಣಿಯ ತೂಕವನ್ನೂ ವೈದ್ಯರಿಗೆ ತಿಳಿಸಲಿ.
4. ಲಸಿಕೆ, ಜಂತುನಾಶಕ, ಉಣ್ಣೆಯ ನಿವಾರಣೆಗಳು ಆಹಾರದಿಂದ ಸಾಧ್ಯವಾಗುವುದಿಲ್ಲ. ಅವುಗಳ ಕಾಲವನ್ನು ತಪ್ಪಿಸದಿರಲಿ.

ಹಿರಿಯರ ಪದ್ಧತಿಯನ್ನು ಉಳಿಸಬೇಕೆನ್ನುವವರ ಆಶಯವನ್ನು ಇದರಿಂದ ತಿರಸ್ಕರಿಸಿದಂತಾಗಲಿಲ್ಲ. ಆ ಪದ್ಧತಿಯಲ್ಲಿ ಪ್ರಾಣಿಯ ಅರ್ಧ ಊಟವನ್ನು ಮನೆಯೂ ಉಳಿದುದನ್ನು ಹಿತ್ತಿಲೂ ಹೊಲವೂ ಕೊಡುತ್ತಿದ್ದುವು. ಅವುಗಳಿಂದ ಪ್ರಾಣಿಯನ್ನು ಬೇರ್ಪಡಿಸಿ ಮನೆಯೊಳಗೆ ತಂದವರು ನಾವು. ಆದುದರಿಂದ ಅವು ಕೊಡುತ್ತಿದ್ದುದೇನೆಂದು ತಿಳಿದುಕೊಂಡು ಅದನ್ನೂ ತಟ್ಟೆಗೆ ತುಂಬುವ ಹೊಣೆಯೂ ನಮ್ಮದೇ.